ಡಿಲನ್‌ಗೆ ಡಿಲನ್ನೇ ಎದುರಾಳಿ: ಅಭಿಮಾನಿಗಳ ಒಂದು ವಾದದ ಇತಿಹಾಸ



ಒಬ್ಬ ಹಾಡುಗಾರನ ಬಗ್ಗೆ ಇಬ್ಬರು ಅಭಿಮಾನಿಗಳು ಮಾತಿಗೆ ಕುಳಿತರೆ ಆ ಮಾತು ಬಹುಬೇಗ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ‘ಹಳೆಯ ಹಾಡುಗಳೇ ಹಾಡುಗಳು, ಈಚಿನವುಗಳಲ್ಲಿ ಏನೂ ಇಲ್ಲ’ ಎಂದು ಒಬ್ಬರು ಹೇಳುತ್ತಾರೆ. ‘ಈಚಿನದನ್ನು ನೀನು ಸರಿಯಾಗಿ ಕೇಳಿಯೇ ಇಲ್ಲ’ ಎಂದು ಇನ್ನೊಬ್ಬರು ತಿರುಗಿ ಬೀಳುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಾಗಲಿ, ಕಾಲೇಜಿನ ಕ್ಯಾಂಟೀನಿನಲ್ಲಾಗಲಿ ಈ ವಾದ ಗಂಟೆಗಟ್ಟಲೆ ನಡೆದು, ಚಹಾ ಆರಿಹೋಗುತ್ತದೆಯೇ ಹೊರತು ತೀರ್ಮಾನವೇನೂ ಆಗುವುದಿಲ್ಲ.

ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕಬೇಕಾಗಿಲ್ಲ. ಒಬ್ಬ ಕಲಾವಿದನ ಬಗ್ಗೆ ಜನ ಯಾವಾಗ ಏನು ಹೇಳಿದರು, ಆ ಮಾತು ಎಷ್ಟು ಕಾಲ ನಿಂತಿತು, ಏಕೆ ಬದಲಾಯಿತು ಎಂದು ನೋಡುತ್ತಾ ಹೋದರೆ ಅದೂ ಇತಿಹಾಸವೇ. ರಾಜರ ಆಳ್ವಿಕೆಯನ್ನು ಅಳೆಯುವಾಗ ನಾವು ಯಾವ ಎಚ್ಚರ ವಹಿಸುತ್ತೇವೆಯೋ ಅದೇ ಎಚ್ಚರ ಇಲ್ಲಿಯೂ ಬೇಕು. ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಅಮೆರಿಕದ ಗಾಯಕ ಬಾಬ್ ಡಿಲನ್ ಅವರದು. 1962ರಲ್ಲಿ ಅವರ ಮೊದಲ ಆಲ್ಬಂ ಬಂದಿತು. 2020ರಲ್ಲಿಯೂ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಸ್ವಂತ ರಚನೆಗಳ ಹೊಸ ಆಲ್ಬಂ ತಂದರು. ಈ ಸುಮಾರು ಅರವತ್ತು ವರ್ಷಗಳ ಉದ್ದಕ್ಕೂ ಅವರ ಅಭಿಮಾನಿಗಳು ತಮ್ಮ ತಮ್ಮಲ್ಲೇ ಜಗಳವಾಡುತ್ತಾ ಬಂದಿದ್ದಾರೆ. ಡಿಲನ್‌ಗೆ ದೊಡ್ಡ ಎದುರಾಳಿಯೆಂದರೆ ಬೇರೆ ಯಾರೂ ಅಲ್ಲ, ಮೊದಲಿನ ಡಿಲನ್ನೇ.

ಮುದುಕನಂತೆ ಹಾಡಿದ ಹುಡುಗ

ರಾಬರ್ಟ್ ಆಲೆನ್ ಜಿಮ್ಮರ್‌ಮನ್ ಎಂಬುದು ಅವರ ಹುಟ್ಟು ಹೆಸರು. 1941ರ ಮೇ 24ರಂದು ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿ ಹುಟ್ಟಿ, ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ ಬೆಳೆದರು. 1961ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಒಂದು ಗಿಟಾರ್ ಹಿಡಿದು ನ್ಯೂಯಾರ್ಕಿಗೆ ಬಂದರು. ಮರುವರ್ಷ ಹೊರಬಂದ ಮೊದಲ ಆಲ್ಬಂನಲ್ಲಿದ್ದ ಹದಿಮೂರು ಹಾಡುಗಳಲ್ಲಿ ಸ್ವಂತದ್ದು ಎರಡೇ. ಉಳಿದವು ಹಳೆಯ ಜನಪದ ಹಾಡುಗಳು ಮತ್ತು ಬ್ಲೂಸ್ ಹಾಡುಗಳು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ದುಃಖ, ದುಡಿಮೆ, ವ್ಯಂಗ್ಯಗಳಿಂದ ಹುಟ್ಟಿದ ಹಾಡಿನ ಪ್ರಕಾರ. ಅವುಗಳಲ್ಲಿ ಸಾವನ್ನೂ ಸಮಾಧಿಯನ್ನೂ ಕುರಿತ ಹಾಡುಗಳಿದ್ದವು. ಇಪ್ಪತ್ತರ ಹುಡುಗ ಅವನ್ನು ಒಡಕು ದನಿಯಲ್ಲಿ, ಅರವತ್ತು ದಾಟಿದವನಂತೆ ಹಾಡಿದ್ದ. ಈ ಸಂಗತಿಯನ್ನು ನೀವು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ವಾದಗಳಿಗೆಲ್ಲ ಬೀಜ ಇಲ್ಲಿಯೇ ಇದೆ.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ನಡೆದ ಮಹಾ ಮೆರವಣಿಗೆಯ ದಿನ, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಅದೇ ಸಭೆಯಲ್ಲಿ ಡಿಲನ್ ಹಾಡಿದರು. ಒಂದು ಗಿಟಾರ್, ಒಂದು ಮೌತ್ ಆರ್ಗನ್, ಅನ್ಯಾಯವನ್ನು ಪ್ರಶ್ನಿಸುವ ಮಾತುಗಳು. ಇದೇ ನಿಜವಾದ ಡಿಲನ್ ಎಂದು ಅಭಿಮಾನಿಗಳು ನಿಶ್ಚಯಿಸಿಬಿಟ್ಟರು. ಎರಡೇ ವರ್ಷಗಳಲ್ಲಿ ಆ ನಿಶ್ಚಯಕ್ಕೆ ಪೆಟ್ಟು ಬಿದ್ದಿತು.

ಮೊದಲ ತೀರ್ಪು ತಿರುಗಿದ್ದು

1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ವಾದ್ಯವೃಂದದೊಡನೆ ವೇದಿಕೆ ಏರಿದರು. ಸಭಿಕರಲ್ಲಿ ಹಲವರು ಕೂಗಾಡಿದರು. ಅವರು ಕೂಗಿದ್ದು ಹೊಸ ಶೈಲಿಯ ಮೇಲಿನ ಸಿಟ್ಟಿಗೋ, ಧ್ವನಿವರ್ಧಕ ಸರಿಯಿರಲಿಲ್ಲವೆಂದೋ, ಹಾಡಿದ್ದು ತೀರ ಕಡಿಮೆಯಾಯಿತೆಂದೋ ಎಂಬುದರ ಬಗ್ಗೆ ಅಲ್ಲಿದ್ದವರೇ ಬೇರೆ ಬೇರೆ ರೀತಿ ಹೇಳಿದ್ದಾರೆ. ಮರುವರ್ಷ ಇಂಗ್ಲೆಂಡಿನ ಪ್ರವಾಸದಲ್ಲಿ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. 1966ರ ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಒಬ್ಬ ಶ್ರೋತೃ ‘ಜುದಾಸ್!’ ಎಂದು ಕೂಗಿದ. ಜುದಾಸ್ ಏಸುವಿಗೆ ದ್ರೋಹ ಬಗೆದ ಶಿಷ್ಯ. ಇಲ್ಲಿ ಶಿಷ್ಯನ ಸ್ಥಾನದಲ್ಲಿದ್ದ ಅಭಿಮಾನಿಯೇ ಗಾಯಕನನ್ನು ದ್ರೋಹಿಯೆಂದು ಕರೆದದ್ದು ವಿಚಿತ್ರ.

ಯಾವ ಬದಲಾವಣೆಯನ್ನು ಅಂದು ದ್ರೋಹವೆಂದರೋ ಅದರಿಂದ ಹುಟ್ಟಿದ ‘ಹೈವೇ 61 ರೀವಿಸಿಟೆಡ್’ (1965), ‘ಬ್ಲಾಂಡ್ ಆನ್ ಬ್ಲಾಂಡ್’ (1966) ಆಲ್ಬಂಗಳು ಮುಂದೆ ಅವರ ಶಿಖರಗಳೆಂದು ಎಣಿಸಲ್ಪಟ್ಟವು. ಮಾತ್ರವಲ್ಲ, ನಂತರ ಬಂದ ಪ್ರತಿಯೊಂದು ಆಲ್ಬಂ ಅನ್ನು ಅಳೆಯುವ ಕೋಲೂ ಅವೇ ಆದವು. ನಿನ್ನೆಯ ದ್ರೋಹ ಇಂದಿನ ಸಂಪ್ರದಾಯವಾಯಿತು.

ಇದೇ ಬಗೆಯ ತಿರುವು ಇನ್ನೊಮ್ಮೆ ಕಾಣಿಸಿತು. 1970ರಲ್ಲಿ ‘ಸೆಲ್ಫ್ ಪೋರ್ಟ್ರೇಟ್’ ಎಂಬ ಜೋಡಿ ರೆಕಾರ್ಡು ಬಂದಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕ ಗ್ರೀಲ್ ಮಾರ್ಕಸ್ ತಮ್ಮ ಲೇಖನವನ್ನು ‘ಇದೇನು ಹೊಲಸು’ ಎಂಬರ್ಥದ ಬೈಗುಳದ ಪ್ರಶ್ನೆಯಿಂದಲೇ ಆರಂಭಿಸಿದರು. ಆ ಮಾತು ಆಲ್ಬಂಗಿಂತ ಹೆಚ್ಚು ಪ್ರಸಿದ್ಧವಾಯಿತು. ನಲವತ್ತಮೂರು ವರ್ಷಗಳ ಮೇಲೆ, 2013ರಲ್ಲಿ, ಅದೇ ಕಾಲದ ಅಪ್ರಕಟಿತ ಧ್ವನಿಮುದ್ರಣಗಳು ‘ಅನದರ್ ಸೆಲ್ಫ್ ಪೋರ್ಟ್ರೇಟ್’ ಎಂಬ ಹೆಸರಿನಲ್ಲಿ ಹೊರಬಂದವು. ಮೂಲ ಆಲ್ಬಂನಲ್ಲಿ ಹಾಡುಗಳ ಮೇಲೆ ಹೇರಿದ್ದ ಪಿಟೀಲು, ಹಿಮ್ಮೇಳಗಳನ್ನು ತೆಗೆದಾಗ ಒಳಗೆ ಸರಳವಾದ, ಹೃದ್ಯವಾದ ಹಾಡುಗಾರಿಕೆ ಇದ್ದುದು ಅನೇಕರ ಕಿವಿಗೆ ಬಿದ್ದಿತು. ಆ ಸಂಪುಟದ ಜೊತೆಗಿನ ಟಿಪ್ಪಣಿ ಬರೆದವರಲ್ಲಿ ಒಬ್ಬರು ಯಾರು ಗೊತ್ತೇ? ಅದೇ ಗ್ರೀಲ್ ಮಾರ್ಕಸ್. ಹೊಸ ಆಧಾರ ಸಿಕ್ಕಿದಾಗ ಹಳೆಯ ತೀರ್ಪನ್ನು ಮತ್ತೆ ತೆರೆಯುವುದರಲ್ಲಿ ಅವಮಾನವೇನೂ ಇಲ್ಲವಷ್ಟೆ.

ಇಳಿಗಾಲ ಎನಿಸಿದ ಕಾಲ

1979ರಿಂದ 1981ರವರೆಗೆ ಡಿಲನ್ ಕ್ರೈಸ್ತ ಭಕ್ತಿಯ ಮೂರು ಆಲ್ಬಂಗಳನ್ನು ತಂದರು. 1979ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಅವರು ಹಳೆಯ ಹಾಡು ಒಂದನ್ನೂ ಹಾಡದೆ ಹೊಸ ಭಕ್ತಿಗೀತೆಗಳನ್ನಷ್ಟೇ ಹಾಡಿದಾಗ ಸಭಿಕರ ಅಸಮಾಧಾನಕ್ಕೆ ಮಿತಿಯಿರಲಿಲ್ಲ. ಅಧಿಕಾರವನ್ನೆಲ್ಲ ಪ್ರಶ್ನಿಸಿದ ಗಾಯಕ ಈಗ ಉಪದೇಶ ಮಾಡುತ್ತಿದ್ದಾನೆ ಎಂಬುದು ಅವರ ದೂರು. ಇಲ್ಲಿ ವಾದ ಸಂಗೀತದ್ದೋ ನಂಬಿಕೆಯದ್ದೋ ಎಂಬುದೇ ಸ್ಪಷ್ಟವಿರಲಿಲ್ಲ. 2017ರಲ್ಲಿ ಆ ಕಾಲದ ಕಚೇರಿಗಳ ಧ್ವನಿಮುದ್ರಣಗಳು ‘ಟ್ರಬಲ್ ನೋ ಮೋರ್’ ಎಂಬ ಸಂಪುಟವಾಗಿ ಬಂದಾಗ, ಆ ನಂಬಿಕೆಯನ್ನು ಒಪ್ಪದವರೂ ಆ ವಾದ್ಯವೃಂದದ ಬಲವನ್ನು ಮೆಚ್ಚಿದರು.

ಎಂಬತ್ತರ ದಶಕದ ನಡುವಿನ ‘ನಾಕ್ಡ್ ಔಟ್ ಲೋಡೆಡ್’ (1986), ‘ಡೌನ್ ಇನ್ ದ ಗ್ರೂವ್’ (1988) ಆಲ್ಬಂಗಳನ್ನು ಸಮರ್ಥಿಸುವವರು ಕಡಿಮೆ. ಆದರೆ ಈ ದಶಕವನ್ನು ಪೂರ್ತಿ ಬರಡು ಎನ್ನುವವರಿಗೆ ಒಂದು ಕಠಿಣ ಪ್ರಶ್ನೆ ಕಾದಿತ್ತು. 1983ರಲ್ಲಿ ‘ಇನ್ಫಿಡೆಲ್ಸ್’ ಆಲ್ಬಂಗಾಗಿ ಡಿಲನ್ ಹಾಡಿದ್ದ ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ ಎಂಬ ಹಾಡನ್ನು ಅವರು ಆಲ್ಬಂನಿಂದ ಕೈಬಿಟ್ಟಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು 1991ರಲ್ಲಿ. ಕೇಳಿದ ಬಹುಮಂದಿ ಅದನ್ನು ಅವರ ಅತ್ಯುತ್ತಮ ರಚನೆಗಳ ಸಾಲಿಗೆ ಸೇರಿಸಿದರು. ಅಂದರೆ ಬತ್ತಿದ್ದು ಪ್ರತಿಭೆಯೋ, ಅಥವಾ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆ ತಪ್ಪಿತೋ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಅಭಿಮಾನಿಗಳು ಅವನ್ನು ಒಂದೇ ಎಂದು ತಿಳಿದು ವಾದಿಸುತ್ತಿದ್ದರು.

1997: ತಾರೀಖುಗಳು ಹೇಳುವ ಕಥೆ

ಮುಂದೆ ಡಿಲನ್ ಮಾಡಿದ ಕೆಲಸ ಗಮನಾರ್ಹ. 1992 ಮತ್ತು 1993ರಲ್ಲಿ ಅವರು ಒಬ್ಬರೇ ಗಿಟಾರ್ ಹಿಡಿದು, ತಾವು ಆರಂಭ ಮಾಡಿದ್ದ ಹಳೆಯ ಜನಪದ ಹಾಡುಗಳನ್ನೂ ಬ್ಲೂಸ್ ಹಾಡುಗಳನ್ನೂ ಎರಡು ಆಲ್ಬಂಗಳಲ್ಲಿ ಹಾಡಿದರು. ಒಣಗಿದ ಬಾವಿಯನ್ನು ಮತ್ತೆ ತೋಡಿದಂತೆ ಇತ್ತು ಅದು. 1997ರ ಸೆಪ್ಟೆಂಬರ್‌ನಲ್ಲಿ ‘ಟೈಮ್ ಔಟ್ ಆಫ್ ಮೈಂಡ್’ ಬಂದಿತು. ಬಳಲಿದ, ನಡೆದು ಸಾಕಾದ ಮನುಷ್ಯನೊಬ್ಬ ಇಳಿಹೊತ್ತಿನಲ್ಲಿ ತನ್ನೊಳಗೇ ಮಾತಾಡಿಕೊಳ್ಳುವಂಥ ಹಾಡುಗಳು. 1998ರಲ್ಲಿ ಅದಕ್ಕೆ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

1997ರ ಮೇ ತಿಂಗಳಿನಲ್ಲಿ ಡಿಲನ್ ಹೃದಯದ ಸುತ್ತಲಿನ ಪೊರೆಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದರು. ಹೀಗಾಗಿ ‘ಸಾವಿನ ಬಾಗಿಲು ತಟ್ಟಿ ಬಂದವನ ಹಾಡುಗಳು’ ಎಂದು ಅನೇಕರು ಈ ಆಲ್ಬಂ ಅನ್ನು ಬಣ್ಣಿಸಿದರು. ಮಾತು ಮನಮುಟ್ಟುವಂತಿದೆ. ಆದರೆ ತಾರೀಖುಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ. ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆದದ್ದು ಜನವರಿಯಲ್ಲಿ. ಕಾಯಿಲೆ ಬಂದದ್ದು ಮೇ ತಿಂಗಳಲ್ಲಿ. ಆಲ್ಬಂ ಅಂಗಡಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಆಸ್ಪತ್ರೆಯ ಅನುಭವದಿಂದ ಆ ಹಾಡುಗಳು ಹುಟ್ಟಿರಲು ಸಾಧ್ಯವೇ ಇಲ್ಲ. ಕಾಯಿಲೆಯ ಸುದ್ದಿ ಕೇಳಿದವರ ಕಿವಿಗೆ ಹಾಡುಗಳು ಬೇರೆಯಾಗಿ ಕೇಳಿಸಿದವು, ಅಷ್ಟೆ. ಹಾಡು ಹುಟ್ಟಿದ ಕಾಲ ಒಂದು, ಹಾಡು ಕೇಳಿದ ಕಾಲ ಇನ್ನೊಂದು. ಇತಿಹಾಸದ ವಿದ್ಯಾರ್ಥಿ ಇವೆರಡನ್ನು ಎಂದೂ ಬೆರೆಸಬಾರದು.

ಈ ಆಲ್ಬಂನ ಒಳಗೂ ಒಂದು ಜಗಳವಿದೆ. ಅದರ ನಿರ್ಮಾಪಕ ಡೇನಿಯಲ್ ಲಾನ್ವಾ ದನಿಯ ಸುತ್ತ ಮಂಜು ಕವಿದಂಥ ವಾತಾವರಣ ಸೃಷ್ಟಿಸಿದ್ದರು. ಅದೇ ಅದರ ಜೀವ ಎನ್ನುವವರು ಒಂದು ಪಕ್ಷ, ಅದು ಹಾಡನ್ನು ಮುಚ್ಚಿಬಿಟ್ಟಿತು ಎನ್ನುವವರು ಇನ್ನೊಂದು ಪಕ್ಷ. 2001ರಿಂದ ಡಿಲನ್ ‘ಜಾಕ್ ಫ್ರಾಸ್ಟ್’ ಎಂಬ ಹೆಸರಿನಲ್ಲಿ ತಮ್ಮ ಆಲ್ಬಂಗಳನ್ನು ತಾವೇ ನಿರ್ಮಿಸತೊಡಗಿದರು. 2023ರಲ್ಲಿ ಅದೇ ಹಳೆಯ ಹಾಡುಗಳನ್ನು ಮಂಜು ಸರಿಸಿ, ಹೊಸದಾಗಿ ಹದಗೊಳಿಸಿದ ರೂಪದಲ್ಲಿ ‘ಫ್ರ್ಯಾಗ್‌ಮೆಂಟ್ಸ್’ ಎಂಬ ಸಂಪುಟದೊಡನೆ ಹೊರತಂದರು. ವಾದ ಮುಗಿಯಿತೇ? ಇಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುವ ಅವಕಾಶವಾಯಿತು.

ಎರವಲೋ, ಕಳವೋ?

2001ರ ಸೆಪ್ಟೆಂಬರ್ 11ರಂದು ‘ಲವ್ ಅಂಡ್ ಥೆಫ್ಟ್’ ಬಿಡುಗಡೆಯಾಯಿತು. ಹೆಸರಿನ ಅರ್ಥವೇ ‘ಪ್ರೀತಿ ಮತ್ತು ಕಳವು’. ಜಪಾನಿನ ವೈದ್ಯ ಜೂನಿಚಿ ಸಾಗಾ ಬರೆದ ಪುಸ್ತಕವೊಂದರ ಇಂಗ್ಲಿಷ್ ಅನುವಾದದ ಮಾತುಗಳನ್ನು ಹೋಲುವ ಸಾಲುಗಳು ಈ ಹಾಡುಗಳಲ್ಲಿವೆ ಎಂದು 2003ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಬರೆಯಿತು. 2006ರ ‘ಮಾಡರ್ನ್ ಟೈಮ್ಸ್’ ಆಲ್ಬಂನಲ್ಲಿ ಹತ್ತೊಂಬತ್ತನೆಯ ಶತಮಾನದ ಕವಿ ಹೆನ್ರಿ ಟಿಮ್‌ರಾಡ್ ಅವರ ನುಡಿಗಳ ನೆರಳು ಕಂಡಿತು. ಕೃತಜ್ಞತೆಯ ಒಂದು ಮಾತೂ ಇಲ್ಲದೆ ಎತ್ತಿಕೊಂಡದ್ದು ಸರಿಯಲ್ಲ ಎಂದು ಕೆಲವರು ಸಿಟ್ಟಾದರು. ಜನಪದ ಹಾಡಿನ ದಾರಿಯೇ ಇದು, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋಗುತ್ತಾರೆ ಎಂದು ಕೆಲವರು ಸಮರ್ಥಿಸಿದರು.

ಈ ಪ್ರಶ್ನೆ ನಮಗೆ ದೂರದ್ದೇನೂ ಅಲ್ಲ. ಡಿಲನ್‌ರ 1967ರ ಆಲ್ಬಂ ‘ಜಾನ್ ವೆಸ್ಲಿ ಹಾರ್ಡಿಂಗ್’ನ ರಕ್ಷಾಪುಟದಲ್ಲಿ ಅವರ ಜೊತೆ ನಿಂತಿರುವವರಲ್ಲಿ ಇಬ್ಬರು ಬಂಗಾಳದ ಬಾವುಲ್ ಗಾಯಕರು: ಪೂರ್ಣದಾಸ್ ಮತ್ತು ಅವರ ತಮ್ಮ ಲಕ್ಷ್ಮಣದಾಸ್. ಬಾಯಿಂದ ಬಾಯಿಗೆ ಹರಿದುಬರುವ ಬಾವುಲ್ ಹಾಡುಗಳು ಹಾಡುವವರ ದನಿಗೆ, ಮನಸ್ಸಿಗೆ ತಕ್ಕಂತೆ ಬದಲಾಗುತ್ತವೆ. ನಮ್ಮ ಬೀಸುವ ಪದಗಳೂ ಹಂತಿಪದಗಳೂ ಹಾಗೆಯೇ ಅಲ್ಲವೇ? ಅಲ್ಲಿ ಎರವಲನ್ನು ಯಾರೂ ಕಳವು ಎನ್ನುವುದಿಲ್ಲ. ಆದರೆ ಅಲ್ಲಿ ಹಾಡಿನ ಮೇಲೆ ಯಾರೊಬ್ಬರ ಹಕ್ಕುಸ್ವಾಮ್ಯದ ಮುದ್ರೆಯೂ ಇರುವುದಿಲ್ಲ. ಡಿಲನ್ ಆಲ್ಬಂಗಳಲ್ಲಿ ರಚನೆಕಾರರ ಹೆಸರು ಅಚ್ಚಾಗಿದೆ, ಅದರಿಂದ ಹಣವೂ ಬರುತ್ತದೆ. ಆದ್ದರಿಂದ ಎರಡೂ ಪಕ್ಷಗಳ ಮಾತಿನಲ್ಲಿ ಹುರುಳಿದೆ. ಇನ್ನೊಂದು ಮಾತನ್ನೂ ನೆನೆಯಿರಿ. 1962ರ ಮೊದಲ ಆಲ್ಬಂನಲ್ಲಿ ಹದಿಮೂರರಲ್ಲಿ ಹನ್ನೊಂದು ಹಾಡುಗಳು ಹೊರಗಿನವೇ ಆಗಿದ್ದವು. ಎರವಲು ಮುಪ್ಪಿನಲ್ಲಿ ಹುಟ್ಟಿದ ಚಟವೇನಲ್ಲ.

ದನಿ ಹೋಯಿತೇ?

ಅಭಿಮಾನಿಗಳ ನಡುವಿನ ಅತಿ ಬಿಸಿಯಾದ ವಾದ ದನಿಯದು. ವಯಸ್ಸಾದಂತೆ ಡಿಲನ್‌ರ ಕಂಠ ಗೊಗ್ಗರಾಯಿತು, ಅದರ ಏರಿಳಿತದ ಹರವು ಕುಗ್ಗಿತು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹೀಗಿರುವಾಗ 2015ರಲ್ಲಿ ಅವರು ‘ಶ್ಯಾಡೋಸ್ ಇನ್ ದ ನೈಟ್’ ಎಂಬ ಆಲ್ಬಂ ತಂದರು. ಅದರ ಹತ್ತೂ ಹಾಡುಗಳು ನಯವಾದ ಕಂಠಕ್ಕೆ ಹೆಸರಾದ ಫ್ರಾಂಕ್ ಸಿನಾತ್ರಾ ಹಿಂದೆ ಹಾಡಿದ್ದವು. 2017ರಲ್ಲಿ ಮೂವತ್ತು ಹಾಡುಗಳ, ಮೂರು ತಟ್ಟೆಗಳ ‘ಟ್ರಿಪ್ಲಿಕೇಟ್’ ಬಂದಿತು. ಕಂಠ ಕೆಟ್ಟ ಮೇಲೆ ಈ ಸಾಹಸವೇಕೆ ಎಂದವರಿದ್ದರು. ಅವಸರವಿಲ್ಲದೆ, ಪ್ರತಿ ಪದವನ್ನೂ ತೂಗಿ ಹಾಡಿದ್ದರಿಂದ ಆ ಹಳೆಯ ಪ್ರೇಮಗೀತೆಗಳ ಒಳಗಿನ ನೋವು ಕೇಳಿಸಿತು ಎಂದವರೂ ಇದ್ದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿ. ದನಿ ಕುಗ್ಗಿದೆಯೇ ಎಂಬುದು ಸಂಗತಿಯ ಪ್ರಶ್ನೆ. ಕುಗ್ಗಿದ ದನಿಯಿಂದ ಈ ಹಾಡಿಗೆ ನಷ್ಟವಾಯಿತೇ ಎಂಬುದು ವಿವೇಚನೆಯ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಎನ್ನಬೇಕಾಗಿಲ್ಲ. ಇಪ್ಪತ್ತರಲ್ಲಿ ಮುದುಕನ ದನಿಯನ್ನು ಅನುಕರಿಸಿದ್ದ ಗಾಯಕನಿಗೆ ಎಪ್ಪತ್ತರಲ್ಲಿ ಆ ದನಿ ನಿಜವಾಗಿಯೇ ಒದಗಿತ್ತು.

ಮಾರಾಟದ ಅಂಕಿ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. ‘ಮಾಡರ್ನ್ ಟೈಮ್ಸ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1976ರ ‘ಡಿಸೈರ್’ ಬಳಿಕ, ಮೂವತ್ತು ವರ್ಷಗಳ ಮೇಲೆ ಅವರಿಗೆ ಆ ಸ್ಥಾನ ದೊರೆತದ್ದು ಆಗಲೇ. ಆದರೆ ಪಟ್ಟಿ ತಿಳಿಸುವುದು ಎಷ್ಟು ಜನ ಕೊಂಡರು ಎಂಬುದನ್ನು ಮಾತ್ರ. 2016ರ ಸಾಹಿತ್ಯದ ನೊಬೆಲ್ ಪ್ರಶಸ್ತಿಯೂ ವಾದವನ್ನು ಮುಗಿಸಲಿಲ್ಲ. ಅದು ಅಮೆರಿಕದ ಹಾಡಿನ ಪರಂಪರೆಯಲ್ಲಿ ಅವರು ತಂದ ಹೊಸ ಕಾವ್ಯಾಭಿವ್ಯಕ್ತಿಗೆ ಸಂದದ್ದು. ಹಳೆಯ ಪಕ್ಷ ಅದನ್ನು ಅರವತ್ತರ ದಶಕಕ್ಕೆ ಸಂದ ಗೌರವವೆಂದಿತು, ಹೊಸ ಪಕ್ಷ ಇಡೀ ಬದುಕಿಗೆ ಸಂದದ್ದೆಂದಿತು.

2020ರ ಮಾರ್ಚ್ 27ರಂದು, ಕೊರೋನಾ ಹಾವಳಿಯಿಂದ ಜಗತ್ತು ಮನೆಯೊಳಗೆ ಸೇರಿದ್ದಾಗ, ಡಿಲನ್ ‘ಮರ್ಡರ್ ಮೋಸ್ಟ್ ಫೌಲ್’ ಎಂಬ ಸುಮಾರು ಹದಿನೇಳು ನಿಮಿಷಗಳ ಹಾಡನ್ನು ಹೊರತಂದರು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ನಡೆದ ಅಧ್ಯಕ್ಷ ಕೆನೆಡಿಯವರ ಹತ್ಯೆ ಅದರ ವಸ್ತು. ಆ ಘಟನೆಯಿಂದ ಹೊರಟು ಹಾಡು ಅಮೆರಿಕದ ಸಂಗೀತ, ಸಿನಿಮಾ, ಹೆಸರುಗಳ ದೊಡ್ಡ ಮೆರವಣಿಗೆಯಾಗುತ್ತದೆ. ಬರಿಯ ಹೆಸರುಗಳ ಪಟ್ಟಿ ಎಂದು ಮೂಗು ಮುರಿದವರುಂಟು, ಒಂದು ಯುಗದ ಶ್ರಾದ್ಧ ಎಂದು ಕಣ್ಣೀರು ತಂದವರುಂಟು. ಕೆನೆಡಿ ಸತ್ತಾಗ ಡಿಲನ್‌ಗೆ ಇಪ್ಪತ್ತೆರಡು ವರ್ಷ. ಆಗ ಅವರು ಇಂಥ ಹಾಡು ಬರೆಯಲು ಸಾಧ್ಯವಿರಲಿಲ್ಲ, ಏಕೆಂದರೆ ಆ ಸಾವಿನ ನಂತರ ಏನೇನಾಯಿತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಐವತ್ತಾರು ವರ್ಷ ಬದುಕಿ ನೋಡಿದವರಿಗೆ ಮಾತ್ರ ಬರೆಯಲು ಬರುವ ಹಾಡದು. ಇಳಿವಯಸ್ಸಿನ ಕೃತಿಗೆ ಯೌವನದ ಕೃತಿಯಲ್ಲಿ ಇರಲಾಗದ ಗುಣವೊಂದು ಇರಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನೀವೇ ತೀರ್ಪುಗಾರರಾದಾಗ

ಮಿತ್ರರೇ, ಹಿರಿಯರ ಎಲ್ಲ ಕೃತಿಗಳೂ ಹಿರಿದು ಎಂದು ಇದರಿಂದ ತಿಳಿಯಬಾರದು. ದುರ್ಬಲವಾದದ್ದನ್ನು ದುರ್ಬಲವೆಂದು ಹೇಳುವ ಧೈರ್ಯ ಅಭಿಮಾನಿಗೆ ಇರಲೇಬೇಕು. ಏನು ಹಾಡಿದರೂ ಚೆಂದವೆನ್ನುವವನು ಹಾಡನ್ನು ಕೇಳುತ್ತಿಲ್ಲ, ಹೆಸರನ್ನು ಕೇಳುತ್ತಿದ್ದಾನೆ. ಹಾಗೆಯೇ ಹಳೆಯದಷ್ಟೇ ಸರಿ ಎನ್ನುವವನು ಎಷ್ಟೋ ಸಲ ತನ್ನದೇ ಹರೆಯವನ್ನು ನೆನೆದು ಹಂಬಲಿಸುತ್ತಿರುತ್ತಾನೆ.

ನಿಮ್ಮ ಮೆಚ್ಚಿನ ಹಾಡುಗಾರರ ಬಗ್ಗೆ, ಬರಹಗಾರರ ಬಗ್ಗೆ, ಆಟಗಾರರ ಬಗ್ಗೆ ವಾದಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಅಭಿಪ್ರಾಯ ಯಾವ ವರ್ಷದ್ದು, ಅಂದು ಹೇಳಿದವರ ಕೈಯಲ್ಲಿ ಯಾವ ಆಧಾರವಿತ್ತು? ಕೃತಿ ಹುಟ್ಟಿದ ಸಂದರ್ಭವನ್ನೂ ಅದು ನಮಗೆ ತಲುಪಿದ ಸಂದರ್ಭವನ್ನೂ ಬೇರೆಯಾಗಿ ನೋಡಿದ್ದೇವೆಯೇ? ಕೃತಿ ಏನನ್ನು ಮಾಡಲು ಹೊರಟಿದೆಯೋ ಅದರಿಂದ ಅದನ್ನು ಅಳೆಯುತ್ತಿದ್ದೇವೆಯೇ, ಇಲ್ಲವೇ ಹಿಂದಿನ ಕೃತಿಯ ಕೋಲಿನಿಂದಲೇ ಅಳೆಯುತ್ತಿದ್ದೇವೆಯೇ?

ಆ ಮ್ಯಾಂಚೆಸ್ಟರ್ ಸಭೆಯ ಧ್ವನಿಮುದ್ರಣದ ಕಥೆ ಇಲ್ಲಿ ಹೇಳಲೇಬೇಕು. ಅದು ವರ್ಷಗಟ್ಟಲೆ ಕಳ್ಳಮುದ್ರಿಕೆಗಳಾಗಿ ಕೈಯಿಂದ ಕೈಗೆ ದಾಟಿತು. ಅದರ ಮೇಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ತಪ್ಪು ಹೆಸರು ಅಂಟಿಕೊಂಡಿತ್ತು. 1998ರಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾದಾಗಲೂ ಆ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಗೆಯೇ ಉಳಿಸಿದರು. ಅದನ್ನು ಕೇಳಿದರೆ ಇಂದಿಗೂ ಆ ಕೂಗು ಸ್ಪಷ್ಟವಾಗಿ ಕೇಳಿಸುತ್ತದೆ. ಅದರ ಬೆನ್ನಿಗೇ ವಾದ್ಯಗಳು ಭೋರ್ಗರೆದು ಹಾಡು ಶುರುವಾಗುತ್ತದೆ. ಕೂಗೂ ಹಾಡೂ ಒಂದೇ ಸುರುಳಿಯಲ್ಲಿ ಉಳಿದಿವೆ. ಇತಿಹಾಸ ಕಲಿಯುವವರು ಎರಡನ್ನೂ ಕೇಳಬೇಕು.